ಹಾವಿಗೆ ಮರೆ ಎಲ್ಲಿರಬೇಕು ಅಂತ ಆರಿಸೋರು ನಾವೇ

ಈ ವಾರ ಕೊತ್ತಂಬರಿಗೆ ಬಂದಿರೋ ಬೂದಿ ರೋಗದ ಬಗ್ಗೆ ಬರೀತೀನಿ ಅಂದಿದ್ದೆ. ಅದನ್ನ ಮುಂದಿನ ವಾರಕ್ಕೆ ಇಟ್ಕೊಳ್ಳೋಣ. ಇವತ್ತು ಹಾವಿನ ವಿಷಯ. ಸ್ವಲ್ಪ ಉದ್ದ ಇದೆ, ಸಾಯಂಕಾಲ ಕೆಲಸ ಮುಗಿಸಿ ಬಿಡುವಾಗಿ ಓದಿ.

ನಮ್ಮೂರ ಹೆಸರಲ್ಲೇ ಗರುಡ ಇದಾನೆ. ಆದ್ರೂ ಗರುಡಾಚಾರ್‌ಪಾಳ್ಯದಲ್ಲಿ ಹಾವಿಗೆ ಏನೂ ಕಮ್ಮಿ ಇಲ್ಲ. 2023ರಲ್ಲಿ ಮೆಟ್ರೋ ಬಂತು, ರೋಡಿನ ಎರಡೂ ಕಡೆ ಕಟ್ಟಡ ಎದ್ದು ನಿಂತ್ವು. ಮಧ್ಯೆ ಮಧ್ಯೆ ಖಾಲಿ ಸೈಟುಗಳು ಹಂಗೇ ಇವೆ. ಅಲ್ಲಿಗೆ ರಾತ್ರಿ ಹೊತ್ತು ಟ್ರ್ಯಾಕ್ಟರಲ್ಲಿ ಒಡೆದ ಕಟ್ಟಡದ ಕಲ್ಲು ಮಣ್ಣು ತಂದು ಸುರೀತಾರೆ, ಬೆಳಿಗ್ಗೆ ಕವರಲ್ಲಿ ಕಸ ಕಟ್ಟಿ ಎಸೀತಾರೆ. ಕಸ ಇದ್ದ ಕಡೆ ಇಲಿ, ಇಲಿ ಇದ್ದ ಕಡೆ ಹಾವು. ನನಗೆ ಊರಲ್ಲಿ ಉಳಿದಿರೋದು 22 ಗುಂಟೆ. ಸೊಪ್ಪು, ಒಂದು ಮೂಲೆಯಲ್ಲಿ ಅವರೆ, ಮನೆ ಮಟ್ಟಿಗೆ ಸ್ವಲ್ಪ ರಾಗಿ. ಮೂರು ಕಡೆ ಇಂಥ ಸೈಟುಗಳೇ.

ಮನೆ ಮೇಲೆ ನಾಲ್ಕು ರೂಮು ಕಟ್ಟಿ ಬಾಡಿಗೆಗೆ ಕೊಟ್ಟಿದೀನಿ. ನಮ್ ಕಡೆ ಎಲ್ಲರ ಕಥೆನೂ ಅದೇ ಅಲ್ವಾ, ಹೊಲ ನಮ್ಮನ್ನ ಸಾಕಲ್ಲ, ಬಾಡಿಗೆ ಹೊಲನ ಸಾಕುತ್ತೆ. ಮೂರನೇ ರೂಮಲ್ಲಿ ದಾವಣಗೆರೆ ಕಡೆ ಹುಡುಗ ಒಬ್ಬ ಇದಾನೆ. ಐಟಿಪಿಎಲ್ ಕಡೆ ಕೆಲಸ, ಒಳ್ಳೆ ಹುಡುಗ, ಬಾಡಿಗೆ ಐದನೇ ತಾರೀಕು ದಾಟಿಸಿದವನಲ್ಲ. ಹೋದ ವರ್ಷ ಒಂದು ಭಾನುವಾರ ಕೆಳಗೆ ಬಂದು ಕೇಳ್ದ.

"ಅಂಕಲ್, ನಿಮ್ ಹತ್ರ ಹಳೇ ಮಡಿಕೆ ಇದ್ಯಾ? ಬಾಯಿ ಒಡೆದಿದ್ರೂ ಪರವಾಗಿಲ್ಲ."

"ಯಾಕಪ್ಪಾ, ಗಿಡ ಇಡ್ತೀಯಾ?"

"ಇಲ್ಲ ಅಂಕಲ್. ಹಾವಿಗೆ."

ನನಗೆ ಒಂದು ಕ್ಷಣ ಅರ್ಥನೇ ಆಗ್ಲಿಲ್ಲ. ಆಮೇಲೆ ಅರ್ಥ ಆದಾಗ ಬಂದ ಸಿಟ್ಟಿಗೆ ಏನೇನು ಅಂದೆ ಅಂತ ಇಲ್ಲಿ ಬರೆಯಲ್ಲ. ತಿಂಗಳೊಳಗೆ ರೂಮು ಖಾಲಿ ಮಾಡು ಅಂದಿದ್ದಂತೂ ನಿಜ. ಆ ಸಿಟ್ಟು ಯಾಕೆ ಬಂತು ಅಂತ ಮೊದಲು ಹೇಳ್ಬೇಕು.

ಅದಕ್ಕೂ ಎರಡು ವರ್ಷ ಹಿಂದೆ ನಮ್ಮ ಹೊಲದಲ್ಲಿ ಸೊಪ್ಪು ಕೀಳೋಕೆ ಬರೋ ಅಕ್ಕನಿಗೆ ಹಾವು ಕಚ್ತು. ಕೊಳಕುಮಂಡಲ. ಪಂಪ್‌ಹೌಸ್ ಪಕ್ಕ ಹೊಂಗೆ ಮರದ ನೆರಳಲ್ಲಿ ಹಾಲೋಬ್ಲಾಕ್ ಗುಡ್ಡೆ ಹಾಕಿದ್ದೆ, ಕಾಂಪೌಂಡಿಗೆ ಅಂತ ತರಿಸಿ ಉಳಿದಿದ್ದು. ಅಕ್ಕ ದಿನಾ ಅದರ ಮೇಲೆ ಕೂತು ದಂಟಿನ ಕಂತೆ ಕಟ್ತಿದ್ರು. ಕಟ್ಟೋಕೆ ಬಾಳೆ ನಾರು ಇಟ್ಟಿದ್ದ ಗೋಣಿಚೀಲ ಬ್ಲಾಕಿನ ಸಂದಿಯಲ್ಲಿ ಇತ್ತು. ನೋಡದೆ ಕೈ ಹಾಕಿದ್ರು. ಬಲಗೈ ತೋರುಬೆರಳು.

ಅಲ್ಲಿಂದ ನಾವು ಮಾಡಿದ್ದೆಲ್ಲಾ ತಪ್ಪೇ. ಒಬ್ಬರು ಹಗ್ಗ ತಂದು ಮೊಣಕೈ ಹತ್ರ ಬಿಗಿಯಾಗಿ ಕಟ್ಟಿದ್ರು. ಇನ್ನೊಬ್ಬರು ನಾಟಿ ಔಷಧಿ ಕೊಡೋರ ಹತ್ರ ಹೋಗೋಣ ಅಂದ್ರು, ಹೋದ್ವಿ. ಒಂದು ಗಂಟೆ ಮೇಲೆ ಅಲ್ಲೇ ಹೋಯ್ತು. ಆಸ್ಪತ್ರೆ ಸೇರೋ ಹೊತ್ತಿಗೆ ಕೈ ಭುಜದವರೆಗೂ ಊದಿತ್ತು, ಒಸಡಲ್ಲಿ ರಕ್ತ. ಅಲ್ಲಿ ರಕ್ತ ತೆಗೆದು ಗಾಜಿನ ಟ್ಯೂಬಲ್ಲಿ 20 ನಿಮಿಷ ಅಲ್ಲಾಡಿಸದೆ ಇಟ್ಟು ನೋಡಿದ್ರು. ಹೆಪ್ಪುಗಟ್ಟಲಿಲ್ಲ. ಮಂಡಲದ ವಿಷ ಹಂಗೇ, ರಕ್ತ ಹೆಪ್ಪುಗಟ್ಟೋ ಗುಣನೇ ಕೆಡಿಸಿಬಿಡುತ್ತೆ, ಆಮೇಲೆ ಕಿಡ್ನಿ ಹಿಡಿಯುತ್ತೆ. ಎರಡು ಸಲ ಡಯಾಲಿಸಿಸ್ ಆಯ್ತು. ಹನ್ನೊಂದು ದಿನ ಆಸ್ಪತ್ರೆ. ಅಕ್ಕ ಉಳ್ಕೊಂಡ್ರು. ಬೆರಳು ಮಾತ್ರ ಮಡಚಕ್ಕೆ ಬರಲ್ಲ ಈಗ್ಲೂ.

ಖರ್ಚು ನಾನೇ ಕೊಟ್ಟೆ. ಕೊಟ್ಟೆ ಅಂತ ದೊಡ್ಡಸ್ತಿಕೆಗೆ ಹೇಳ್ತಿಲ್ಲ. ಮನಸ್ಸಲ್ಲಿ ಮಾತ್ರ "ಹಾವು ಬಂತು, ಕಚ್ತು, ಅವರ ಗ್ರಹಚಾರ" ಅಂತಲೇ ಇಟ್ಕೊಂಡಿದ್ದೆ. ವಾಪಸ್ ಬಂದ ಮಾರನೇ ದಿನ ಸಿಟ್ಟಲ್ಲಿ ಬ್ಲಾಕೆಲ್ಲಾ ಎತ್ತಿಸಿ ಮನೆ ಹಿಂದೆ ಬಚ್ಚಲುಮನೆ ಗೋಡೆಗೆ ಒರಗಿಸಿ ಜೋಡಿಸ್ದೆ. ಅದೇ ವಾರ ಬದುವಿನ ಮೇಲೆ ಆರಡಿ ಕೇರೆ ಹಾವೊಂದು ಕಾಣ್ತು. ಅದು ಕಚ್ಚಿದ ಹಾವಲ್ಲ ಅಂತ ಗೊತ್ತು, ಕೇರೆಗೆ ವಿಷ ಇಲ್ಲ ಅಂತ್ಲೂ ಗೊತ್ತು. ಆದ್ರೂ ಹೊಡೆಸ್ದೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ. ಅದರ ಮುಂದಿನ ಸುಗ್ಗಿಗೆ ಇಲಿ ಕಾಟ ಎಷ್ಟಾಯ್ತು ಅಂದ್ರೆ ಡ್ರಿಪ್ ಪೈಪೆಲ್ಲಾ ಕಡಿದು ಹಾಕಿದ್ವು, ರಾಗಿ ಮೂಟೆ ತೂತು.

ಇಂಥಾವನ ಮನೆ ಮೇಲೆ ಒಬ್ಬ ಹಾವು ಸಾಕ್ತಾ ಇದಾನೆ ಅಂದ್ರೆ ಸಿಟ್ಟು ಬರದೆ ಇರುತ್ತಾ?

ಹುಡುಗ ವಾದ ಮಾಡ್ಲಿಲ್ಲ. "ಒಂದ್ಸಲ ಬಂದು ನೋಡಿ ಅಂಕಲ್, ಆಮೇಲೆ ಖಾಲಿ ಮಾಡ್ತೀನಿ" ಅಂದ. ಹೋದೆ. ಬಾಗಿಲಲ್ಲೇ ನಿಂತು ಮೊದಲು ಕೇಳಿದ್ದು ಕಾಗದ. ಯಾಕಂದ್ರೆ ನಮ್ಮ ದೇಶದ ಹಾವು ಯಾವುದನ್ನೂ ಮನೇಲಿ ಸಾಕೋ ಹಾಗಿಲ್ಲ. ಹೆಬ್ಬಾವಾಗಲಿ, ಕೇರೆಯಾಗಲಿ, ದುಡ್ಡು ಬರುತ್ತೆ ಅಂತ ಯಾರೋ ತಲೆ ಕೆಡಿಸೋ ಎರಡು ತಲೆ ಹಾವಾಗಲಿ, ಮುಟ್ಟಿದ್ರೆ ಜೈಲು. ಇವನದು ಆಫ್ರಿಕಾದ ಹಾವು, ಬಾಲ್ ಪೈಥಾನ್. ಇಂಥ ಹೊರದೇಶದ ಪ್ರಾಣಿ ಇಟ್ಕೊಂಡಿರೋರು ಪರಿವೇಶ್ ಪೋರ್ಟಲಲ್ಲಿ ನೋಂದಾಯಿಸ್ಬೇಕು ಅಂತ 2024ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಮಾಡ್ಸಿದ್ದ, ತೋರಿಸ್ದ.

ಮೂರು ಅಡಿ ಉದ್ದದ ಗಾಜಿನ ಪೆಟ್ಟಿಗೆ. ಕೆಳಗೆ ನಮ್ಮ ನರ್ಸರಿ ಟ್ರೇಗೆ ಹಾಕೋ ಕೊಕೊಪೀಟ್ ತರದ್ದೇ. ಒಂದು ಕೊನೆಯಲ್ಲಿ ಅಡಿಗೆ ಬಿಸಿ ಮಾಡೋ ಮ್ಯಾಟು, ಅದಕ್ಕೆ ಥರ್ಮೋಸ್ಟ್ಯಾಟು. ಹಾವು ಮೂರೂವರೆ ಅಡಿ ಇರಬಹುದು, ಗಟ್ಟಿ ಮೈ. ಇನ್ನೊಂದು ಕೊನೆಯಲ್ಲಿ, ತಣ್ಣಗಿರೋ ಕಡೆ, ದೊಡ್ಡ ಪ್ಲಾಸ್ಟಿಕ್ ಡಬ್ಬ ಬೋರಲು ಹಾಕಿದ್ದ, ಎರಡು ಕೋಳಿ ಕೂರೋ ಅಷ್ಟು ದೊಡ್ಡದು. ಹಾವು ಅದರ ಹಿಂದಿನ ಮೂಲೆಗೆ ಒತ್ಕೊಂಡು ಉಂಡೆ ಆಗಿ ಕೂತಿತ್ತು.

"ಏಳು ವಾರ ಆಯ್ತು ಅಂಕಲ್, ಏನೂ ತಿಂದಿಲ್ಲ."

ಡಾಕ್ಟರಿಗೆ ತೋರಿಸಿದ್ದ. ಹಾವಿಗೆ ಕಾಯಿಲೆ ಇಲ್ಲ, ಅದರ ಮರೆ ಸರಿ ಇಲ್ಲ, ಅದನ್ನ ಬದಲಾಯಿಸು ಅಂದಿದ್ರಂತೆ. ಇವನು ಅದನ್ನ 'ಹೈಡ್' ಅಂತಾನೆ. ನಾನು ಮರೆ ಅಂತಲೇ ಬರೀತೀನಿ.

ಅವನು ಹೇಳಿದ್ದನ್ನ ನನ್ನ ಮಾತಲ್ಲಿ ಹೇಳ್ತೀನಿ. ಈ ಹಾವು ಅಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಹಗಲೆಲ್ಲಾ ಇಲಿ ಬಿಲದಲ್ಲೋ ಗೆದ್ದಲು ಹುತ್ತದಲ್ಲೋ ಇರುತ್ತೆ, ರಾತ್ರಿ ಹೊರಗೆ ಬರುತ್ತೆ. ಹಾವಿಗೆ ಧೈರ್ಯ ಬರೋದು ಕತ್ತಲೆಯಿಂದ ಮಾತ್ರ ಅಲ್ಲ. ಬೆನ್ನಿಗೂ ಎರಡು ಪಕ್ಕಕ್ಕೂ ಗೋಡೆ ತಾಗ್ಬೇಕು. ಮೈ ಸುತ್ಕೊಂಡ್ರೆ ಅಷ್ಟೂ ಕಡೆ ಮುಟ್ಟಬೇಕು. ದೊಡ್ಡ ಡಬ್ಬ ಅಂದ್ರೆ ಅದಕ್ಕೆ ಬಯಲಿದ್ದ ಹಾಗೆ.

ಎರಡನೇದು ಇನ್ನೂ ಮುಖ್ಯ. ಹಾವಿನ ಮೈಗೆ ಸ್ವಂತ ಬಿಸಿ ಇಲ್ಲ. ತಿಂದದ್ದು ಅರಗಬೇಕಾದ್ರೆ ಬಿಸಿ ಜಾಗಕ್ಕೆ ಹೋಗ್ಬೇಕು, ಸಾಕು ಅನ್ನಿಸಿದಾಗ ತಂಪಿಗೆ ಬರ್ಬೇಕು. ಈ ಹಾವಿಗೆ ಬಿಸಿ ಕಡೆ ಸುಮಾರು 32 ಡಿಗ್ರಿ, ತಂಪು ಕಡೆ 26 ಡಿಗ್ರಿ ಬೇಕು. ಮರೆ ಒಂದೇ ಇದ್ದು ಅದು ತಂಪು ಕಡೆ ಇದ್ರೆ, ಹಾವು ಬಿಸಿ ಬೇಕಾ ಮರೆ ಬೇಕಾ ಅಂತ ಒಂದನ್ನ ಬಿಡ್ಬೇಕು. ಅದು ಬಿಸಿ ಬಿಟ್ಟು ಮರೆ ಹಿಡಿಯುತ್ತೆ. ಹಸ್ಕೊಂಡೇ ಕೂರುತ್ತೆ. ಹಾವಿಗೆ ಹೊಟ್ಟೆಗಿಂತ ಭಯ ದೊಡ್ಡದು. ಈ ಮಾತು ನನ್ನ ತಲೆಯಲ್ಲಿ ಕೂತ್ಬಿಡ್ತು.

ಸರಿ, ಮಡಿಕೆ ಕೊಡೋಣ ಅಂತ ಶೆಡ್ಡಿಗೆ ಹೋದೆ. ಎತ್ಕೊಂಡೂ ಆಗಿತ್ತು. ಆಗ ಜ್ಞಾಪಕ ಬಂತು, ಅದರಲ್ಲಿ ಬೆಳೆಗೆ ಹೊಡೆಯೋ ಔಷಧಿ ಕಲಸ್ತಿದ್ದೆ ಹಿಂದೆ. ಮಣ್ಣಿನ ಪಾತ್ರೆ ಅದನ್ನೆಲ್ಲಾ ಕುಡಿದಿಟ್ಕೊಂಡಿರುತ್ತೆ, ಎಷ್ಟು ತೊಳೆದ್ರೂ ಹೋಗಲ್ಲ. ಅಲ್ಲೇ ಇಟ್ಟೆ. ಬೇರೆ ಏನಾದ್ರೂ ಆಗುತ್ತಾ ಅಂತ ಇಬ್ಬರೂ ಕೂತು ಒಂದೊಂದೇ ನೋಡಿದ್ವಿ.

ಮಂಗಳೂರು ಹೆಂಚು ಇತ್ತು. ಎರಡೂ ಕಡೆ ಬಾಯಿ, ಬೆನ್ನ ಹಿಂದೆ ಬಯಲು, ಬೇಡ. ನಾಲ್ಕಿಂಚು ಪಿವಿಸಿ ಪೈಪಿನ ತುಂಡು ಇತ್ತು. ಒಂದು ಕಡೆ ಕ್ಯಾಪ್ ಹಾಕಿದ್ರೆ ಆಗುತ್ತೆ, ಆದ್ರೆ ಒಳಗೆ ನೀರಾಡುತ್ತೆ, ಉಂಡೆ ಸುತ್ಕೊಳ್ಳೋ ಹಾವಿಗೆ ಉದ್ದ ಕೊಳವೆ ಹಿತ ಅಲ್ಲ. ಬೇವಿನ ಬೊಡ್ಡೆ ಇತ್ತು. ಅದರಲ್ಲಿ ಹುಳ, ಉಣ್ಣಿ. ಹೂವಿನ ಕುಂಡ ಇತ್ತು, ಬುಡದಲ್ಲಿ ನೀರು ಹೋಗೋ ತೂತು. ಅದು ಅಪಾಯ ಅಂದ. ಹಾವು ತಲೆ ತೂರಿಸುತ್ತೆ, ಮುಂದಕ್ಕೆ ಮೈ ದಪ್ಪ, ಹಿಂದಕ್ಕೆ ಬರೋಕೆ ಹುರುಪೆ ಅಡ್ಡ, ಅಲ್ಲೇ ಸಿಕ್ಕಿಕೊಳ್ಳುತ್ತೆ. ನನಗೆ ತಕ್ಷಣ ಅರ್ಥ ಆಯ್ತು. ಹಕ್ಕಿ ಬರ್ದೆ ಇರ್ಲಿ ಅಂತ ನಾವು ಕಟ್ಟೋ ಬಲೆಯಲ್ಲಿ ಕೇರೆ ಸಿಕ್ಕಿ ಸಾಯೋದು ನೀವೂ ನೋಡಿರ್ತೀರಿ, ಅದೇ ಲೆಕ್ಕ.

ಕೊನೆಗೆ ಮುಂದಿನ ಭಾನುವಾರ ಇಬ್ಬರೂ ಬೈಕಲ್ಲಿ ಬೆನ್ಸನ್ ಟೌನ್ ಹತ್ರ ಪಾಟರಿ ಟೌನಿಗೆ ಹೋದ್ವಿ. ಖಾಲಿ ಮಾಡು ಅಂದವನೇ ಜೊತೆಗೆ ಹೋದೆ ಅಂತ ಮನೇಲಿ ನಗಾಡಿದ್ರು. ಅಲ್ಲಿ ಕುಂಬಾರರ ಅಂಗಡಿಯಲ್ಲಿ ಎರಡು ಅಗಲ ಮಡಿಕೆ, ಒಂದೇ ಅಚ್ಚಿನವು ತಗೊಂಡ್ವಿ. ಅಳತೆ ಹೆಂಗೆ ಅಂದ್ರೆ, ಹಾವು ಸುತ್ತಿ ಕೂತಾಗ ಎಷ್ಟು ಅಗಲ ಆಗುತ್ತೋ ಅದಕ್ಕಿಂತ ಒಂದು ಬೆರಳು ಜಾಸ್ತಿ. ಬೋರಲು ಹಾಕಿದ್ರೆ ಒಳಗೆ ಬೆನ್ನು ತಾಗ್ಬೇಕು. ಅಂಚಲ್ಲಿ ಒಂದೇ ಒಂದು ಬಾಗಿಲು ಕೊರೆದ್ವಿ, ಹಾವಿನ ಮೈ ಎಲ್ಲಿ ಅತಿ ದಪ್ಪವೋ ಅದರ ಒಂದೂವರೆ ಪಟ್ಟು. ತಿಂದ ಮೇಲೆ ಮೈ ಉಬ್ಬುತ್ತಲ್ಲ, ಅದಕ್ಕೆ. ಅಂಚನ್ನ ಮರಳು ಕಾಗದದಲ್ಲಿ ಉಜ್ಜಿ ನಯ ಮಾಡಿದ್ವಿ, ಹೊಟ್ಟೆ ಹರೀಬಾರದು.

ಇಡೋದರಲ್ಲೂ ಲೆಕ್ಕ ಇದೆ. ಒಂದು ಬಿಸಿ ಕಡೆ, ಒಂದು ತಂಪು ಕಡೆ. ಎರಡೂ ಒಂದೇ ತರ, ಒಂದು ಚೆನ್ನಾಗಿದ್ದು ಇನ್ನೊಂದು ಕೆಟ್ಟದಾಗಿರಬಾರದು. ಮಡಿಕೆ ಕೊಕೊಪೀಟ್ ಮೇಲೆ ಇಡಬಾರದು, ನೇರ ಗಾಜಿನ ತಳಕ್ಕೆ ಕೂರಿಸಿ ಆಮೇಲೆ ಸುತ್ತ ಕೊಕೊಪೀಟ್ ಹಾಕ್ಬೇಕು. ಇಲ್ದಿದ್ರೆ ಹಾವು ಅಡಿಗೆ ತೂರಿ ಕೆದಕಿದಾಗ ಮಡಿಕೆ ಕುಸಿದು ಮೇಲೆ ಬೀಳುತ್ತೆ. ಬಿಸಿ ಎಷ್ಟಿದೆ ಅಂತ ನೋಡೋದು ಪೆಟ್ಟಿಗೆ ಗೋಡೆಯಲ್ಲಲ್ಲ, ಮಡಿಕೆ ಒಳಗೆ. ಒಂದರಿಂದ ಇನ್ನೊಂದಕ್ಕೆ ಹೋಗೋ ದಾರಿಯಲ್ಲೂ ಎಲೆ ಸೊಪ್ಪಿನ ಮರೆ ಇರ್ಬೇಕು, ಬಯಲು ದಾಟೋ ಹಾಗಿರಬಾರದು.

ಮೂರನೇ ಮರೆಯೊಂದಿದೆ, ಅದು ಪೊರೆ ಬಿಡೋ ಕಾಲಕ್ಕೆ. ಕಣ್ಣು ಹಾಲುಗಟ್ಟಿದ ಹಾಗೆ ಬೆಳ್ಳಗಾದಾಗ ಒದ್ದೆ ಪಾಚಿ ತುಂಬಿದ ಡಬ್ಬ ಇಡ್ಬೇಕು. ನಾವು ದಾಳಿಂಬೆಗೆ ಗೂಟಿ ಕಟ್ಟೋಕೆ ಬಳಸ್ತೀವಲ್ಲ, ಅದೇ ಪಾಚಿ. ತೇವ ಇದ್ರೆ ಪೊರೆ ಕಾಲುಚೀಲ ಕಳಚಿದ ಹಾಗೆ ಒಂದೇ ತುಂಡಾಗಿ ಬರುತ್ತೆ. ಒಣಗಿದ್ರೆ ಚೂರು ಚೂರಾಗುತ್ತೆ, ಕಣ್ಣ ಮೇಲಿನ ಪೊರೆ ಅಲ್ಲೇ ಅಂಟ್ಕೊಳ್ಳುತ್ತೆ.

ನನ್ನ ಹೊಲದಲ್ಲಿ ಇಲಿ ಬೇಕಾದಷ್ಟಿದೆ, ತಗೊಂಡು ಹಾಕು ಅಂದೆ. ಬೇಡ ಅಂಕಲ್, ನೀವು ಪಾಷಾಣ ಇಡ್ತೀರಲ್ಲ ಅಂದ. ಬ್ರೋಮಾಡಿಯೋಲೋನ್ ತಿಂದ ಇಲಿ ತಕ್ಷಣ ಸಾಯಲ್ಲ, ನಾಲ್ಕೈದು ದಿನ ಓಡಾಡುತ್ತೆ. ಅದನ್ನ ತಿಂದ ಗೂಬೆಗೂ ಹಾವಿಗೂ ಆ ವಿಷ ಸೇರುತ್ತೆ. ಇಷ್ಟು ವರ್ಷ ಇಟ್ಟಿದೀನಿ, ಇಲಿಯಾಚೆಗೆ ಯೋಚನೆ ಮಾಡಿರ್ಲಿಲ್ಲ.

ಮಡಿಕೆ ಇಟ್ಟ ಹನ್ನೆರಡನೇ ದಿನ ರಾತ್ರಿ ಹುಡುಗ ಓಡಿ ಬಂದ. ಹಾವು ಬಿಸಿ ಕಡೆ ಮಡಿಕೆಯಲ್ಲಿ ಕೂತು, ಬಾಗಿಲಲ್ಲಿ ತಲೆ ಇಟ್ಟು, ಕೊಟ್ಟಿದ್ದನ್ನ ಅಲ್ಲಿಂದಲೇ ಹಿಡಿದು ಒಳಗೆ ಎಳ್ಕೊಂಡಿತ್ತು. ಅವನ ಮುಖ ನೋಡ್ಬೇಕಿತ್ತು, ಮೊದಲ ಸಂಬಳ ಬಂದವನ ಹಾಗೆ.

ನಾನು ಖುಷಿ ಪಟ್ಕೊಂಡು ಕೆಳಗೆ ಬಂದೆ. ಬಚ್ಚಲುಮನೆಗೆ ಹೋಗೋಕೆ ಹಿಂದಿನ ಬಾಗಿಲು ತೆಗೆದು ಟಾರ್ಚ್ ಹಾಕ್ದೆ. ಬೆಳಕು ಗೋಡೆಗೆ ಒರಗಿಸಿದ ಹಾಲೋಬ್ಲಾಕ್ ಮೇಲೆ ಬಿತ್ತು.

ಅಲ್ಲೇ ನಿಂತೆ. ಒಂದೊಂದು ಬ್ಲಾಕಿನ ತೂತು ಅಂಗೈ ಅಗಲ. ಹಾವು ಸುತ್ತಿ ಕೂತ್ರೆ ಎಲ್ಲಾ ಕಡೆ ತಾಗುತ್ತೆ. ಹಿಂದೆ ಗೋಡೆ, ಹಾಗಾಗಿ ಬಾಗಿಲು ಒಂದೇ. ಮೇಲಿನ ಸಾಲು ಮಧ್ಯಾಹ್ನದ ಬಿಸಿಲಿಗೆ ಕಾದು ರಾತ್ರಿವರೆಗೂ ಬೆಚ್ಚಗಿರುತ್ತೆ, ಕೆಳಗಿನ ಸಾಲು ತಂಪು. ಬಚ್ಚಲ ನೀರು ಸೋರಿ ಒಂದು ಮೂಲೆ ಸದಾ ತೇವ. ಪಕ್ಕದಲ್ಲಿ ರಾಗಿ ಮೂಟೆ, ಮೂಟೆಗೆ ಇಲಿ. ಮೂಟೆಯಿಂದ ಬ್ಲಾಕಿನವರೆಗೆ ತೆಂಗಿನ ಗರಿ ಹಾಸಿಟ್ಟಿದ್ದೆ, ಓಡಾಡೋಕೆ ಮರೆ. ಆ ಹುಡುಗ ತಿಂಗಳುಗಟ್ಟಲೆ ಓದಿ, ಅಳತೆ ಮಾಡಿ, ದುಡ್ಡು ಕೊಟ್ಟು ಮಾಡಿದ್ದನ್ನ ನಾನು ಏನೂ ಓದದೆ ಮಾಡಿಟ್ಟಿದ್ದೆ. ಅದೂ ಎರಡು ಸಲ. ಮೊದಲನೇದರಲ್ಲಿ ಅಕ್ಕನ ಬೆರಳು ಹೋಯ್ತು. ಎರಡನೇದು ನನ್ನ ಹೆಂಡತಿ ಮಕ್ಕಳು ರಾತ್ರಿ ಬರಿಗಾಲಲ್ಲಿ ಓಡಾಡೋ ಜಾಗದಲ್ಲಿ.

ಹುತ್ತ ಕಟ್ಟೋದು ಗೆದ್ದಲು, ಸೇರ್ಕೊಳ್ಳೋದು ಹಾವು ಅಂತ ನಮಗೆಲ್ಲಾ ಗೊತ್ತು. ಆದ್ರೆ ಮನೆ ಸುತ್ತ ಗೆದ್ದಲಿನ ಕೆಲಸ ಮಾಡ್ತಿರೋದು ನಾವು. ಬ್ಲಾಕು, ಹೆಂಚು, ಸೌದೆ, ಸುತ್ತಿಟ್ಟ ಹಳೇ ಡ್ರಿಪ್ ಪೈಪು, ಖಾಲಿ ಗೊಬ್ಬರದ ಚೀಲ, ರಾಗಿ ಹುಲ್ಲಿನ ಮೆದೆ, ಯಾವುದನ್ನ ಎಲ್ಲಿ ಇಡ್ತೀವೋ ಅಲ್ಲಿ ಒಂದು ಮರೆ ಮಾಡ್ತೀವಿ. ಗೊತ್ತಿಲ್ಲದೆ ಮಾಡ್ತಿರೋದನ್ನ ಗೊತ್ತಿದ್ದು ಮಾಡೋಣ ಅನ್ನೋದಷ್ಟೇ ನನ್ನ ಮಾತು.

ಆಮೇಲೆ ನಾನು ಏನು ಮಾಡಿದೆ ಅಂತ ಹೇಳ್ತೀನಿ. ನಿಮಗೆ ಹೊಂದೋದನ್ನ ತಗೊಳ್ಳಿ.

ಬ್ಲಾಕ್ ತೆಗೆದಿದ್ದು ಚಳಿ ಕಳೆದ ಮೇಲೆ, ಬೆಳಿಗ್ಗೆ ಹತ್ತರ ನಂತರ, ಚೆನ್ನಾಗಿ ಬೆಳಕಿದ್ದಾಗ. ಮುಂಗಾರು ಶುರುವಾಗೋವರೆಗೆ ಕಾಯಬೇಡಿ. ಆ ಹೊತ್ತಿಗೆ ಕೊಳಕುಮಂಡಲ ಮರಿ ಹಾಕುತ್ತೆ, ಮೊಟ್ಟೆಯಲ್ಲ, ಜೀವಂತ ಮರಿ, ಒಂದೇ ಸಲಕ್ಕೆ ಇಪ್ಪತ್ತು ಮೂವತ್ತು. ಮರಿಗೂ ವಿಷ ಇದೆ. ಇಬ್ಬರು ಗಮ್ ಬೂಟ್ ಹಾಕ್ಕೊಂಡು, ಉದ್ದ ಕೊಕ್ಕೆಯಲ್ಲಿ ಮೇಲಿನ ಸಾಲಿಂದ ಒಂದೊಂದೇ ಎಳೆದ್ವಿ. ತೂತಿಗೆ ಬೆರಳು ಹಾಕಿ ಎತ್ತಲಿಲ್ಲ. ಕೆಳಗಿನ ಸಾಲಲ್ಲಿ, ತೇವ ಇದ್ದ ಮೂಲೆಯಲ್ಲಿ ಒಂದು ಪೂರ್ತಿ ಪೊರೆ ಸಿಕ್ತು. ಹೆಂಡತಿಗೆ ಕರೆದು ತೋರಿಸ್ದೆ. ಅವಳು ಏನೂ ಮಾತಾಡಲಿಲ್ಲ, ಮಗಳನ್ನ ಒಳಗೆ ಕರ್ಕೊಂಡು ಹೋದಳು.

ಬ್ಲಾಕನ್ನ ಮಾರಿಬಿಟ್ಟೆ. ಸೌದೆಯನ್ನ ನೆಲದಿಂದ ಎರಡು ಅಡಿ ಎತ್ತರಕ್ಕೆ ಕಬ್ಬಿಣದ ಸ್ಟ್ಯಾಂಡ್ ಮಾಡ್ಸಿ ಅದರ ಮೇಲೆ ಇಟ್ಟೆ, ಗೋಡೆಗೂ ಅದಕ್ಕೂ ಒಂದು ಗೇಣು ಅಂತರ ಬಿಟ್ಟೆ. ಅಡಿಯಲ್ಲಿ ಬೆಳಕು ಕಾಣ್ಬೇಕು. ಡ್ರಿಪ್ ಪೈಪಿನ ಸುರುಳಿ ಪಂಪ್‌ಹೌಸ್ ಗೋಡೆಗೆ ಮೊಳೆ ಹೊಡೆದು ನೇತು ಹಾಕ್ದೆ. ರಾಗಿ ಮೂಟೆಯಿಂದ ತಗಡಿನ ಡ್ರಮ್ಮಿಗೆ ಬಂತು. ಬಚ್ಚಲ ಸೋರಿಕೆಗೆ ಪೈಪ್ ಹಾಕ್ಸಿದೆ. ಸ್ಟಾರ್ಟರ್ ಬಾಕ್ಸಿನ ಕೆಳಗಿನ ತೂತಿಗೆ ಜಾಲರಿ ಬಡಿದೆ, ಕತ್ತಲಲ್ಲಿ ಮೋಟಾರ್ ಹಾಕೋಕೆ ಹೋಗಿ ಅಲ್ಲಿ ಕಚ್ಚಿಸಿಕೊಂಡೋರು ನಮ್ ಕಡೆ ಇದಾರೆ. ಮೆದೆಯನ್ನ ಮನೆಯಿಂದ ದೂರ ಸರಿಸಿದೆ, ಹುಲ್ಲು ಎಳೆಯೋ ಮೊದಲು ಕೋಲಲ್ಲಿ ಬಡಿಯೋದು ಕಡ್ಡಾಯ ಮಾಡ್ದೆ.

ಇದು ಅರ್ಧ ಕೆಲಸ. ಇಷ್ಟೇ ಮಾಡಿ ಹೊಲದ ಮರೆಯನ್ನೂ ಎಲ್ಲಾ ಕಿತ್ತುಹಾಕಿದ್ರೆ, ಭಯಕ್ಕೆ ಹೊಟ್ಟೆ ಬಿಡೋ ಪ್ರಾಣಿ ಎಲ್ಲಿಗೆ ಹೋಗುತ್ತೆ? ಮನೆಗೆ. ಅದಕ್ಕೆ ದೂರದ ಮರೆ ಬಿಟ್ಟಿದೀನಿ. ನನ್ನ ಹೊಲದ ಮೂಡಣ ಮೂಲೆಯಲ್ಲಿ ಹಳೇ ಹುತ್ತ ಇದೆ, ಪಕ್ಕದಲ್ಲಿ ಬದುವಿನಿಂದ ಕಿತ್ತ ಚಪ್ಪಡಿ ಕಲ್ಲು. ಬೆಳಗಿನ ಬಿಸಿಲು ಬೀಳುತ್ತೆ, ಮಧ್ಯಾಹ್ನ ನೆರಳು. ಮನೆಯಿಂದ, ಪಂಪ್‌ಹೌಸಿಂದ, ಕಾಲುದಾರಿಯಿಂದ ಎಲ್ಲಕ್ಕಿಂತ ದೂರ. ಅಲ್ಲಿಂದ ಬದುವಿನ ಉದ್ದಕ್ಕೂ ಹುಲ್ಲು ಹಂಗೇ ಬಿಟ್ಟಿದೀನಿ, ಕಾಲುದಾರಿ ಪಕ್ಕ ಮಾತ್ರ ನುಣ್ಣಗೆ ಸವರಿಸ್ತೀನಿ. ಮೂಲೆಗೆ ಕೆಂಪು ಬಟ್ಟೆ ಕಟ್ಟಿದೀನಿ, ಯಾರೂ ಹೋಗಲ್ಲ. ಪಾಷಾಣ ಇಡೋದು ನಿಲ್ಲಿಸಿದೀನಿ, ಇಲಿಗೆ ಬೋನು ಇಡ್ತೀನಿ.

ಆ ಮೂಲೆಗೆ ಕೇರೆಯೇ ಬರುತ್ತೆ, ಮಂಡಲ ಬರಲ್ಲ ಅಂತ ನಾನು ಹೇಳಲ್ಲ. ಮರೆ ಅನ್ನೋದು ಯಾವ ಹಾವಿಗೂ ಮರೆನೇ. ಅದಕ್ಕೇ ಹೊಸದಾಗಿ ಕಟ್ಟಿ ಅಂತಿಲ್ಲ. ದೂರದಲ್ಲಿ ಇರೋದನ್ನ ಬಿಡಿ, ಹತ್ತಿರದ್ದನ್ನ ತೆಗೀರಿ, ಯಾವುದು ಎಲ್ಲಿದೆ ಅಂತ ಮನೆಯವರಿಗೂ ಕೆಲಸದವರಿಗೂ ಗೊತ್ತಿರ್ಲಿ ಅಂತಿದೀನಿ. ಈ ವರ್ಷ ಆ ಕಡೆ ದೊಡ್ಡ ಕೇರೆಯೊಂದು ಎರಡು ಮೂರು ಸಲ ಕಂಡಿದೆ. ಡ್ರಿಪ್ ಪೈಪ್ ಕಡಿಯೋದು ತುಂಬಾ ಕಮ್ಮಿ ಆಗಿದೆ. ಬೋನಿಂದಲೋ ಕೇರೆಯಿಂದಲೋ ಡ್ರಮ್ಮಿಂದಲೋ, ಲೆಕ್ಕ ಇಟ್ಟಿಲ್ಲ.

ಇನ್ನೊಂದು ಮಾತು. ಪಕ್ಕದ ಕಟ್ಟಡದ ಶೆಡ್ಡಲ್ಲಿ ಯಾದಗಿರಿ ಕಡೆಯವರು ಇದಾರೆ, ನೆಲದ ಮೇಲೆ ಮಲಗ್ತಾರೆ. ಕಟ್ಟು ಹಾವು ರಾತ್ರಿ ಬರೋದು ಅಂಥ ಕಡೆಗೇ. ಅದರ ಕಡಿತ ನೋವೇ ಆಗಲ್ಲ, ಸೊಳ್ಳೆ ಕಚ್ಚಿದ ಹಾಗೆ, ಬೆಳಿಗ್ಗೆ ಹೊಟ್ಟೆನೋವು, ರೆಪ್ಪೆ ಎತ್ತೋಕೆ ಆಗಲ್ಲ, ಆಮೇಲೆ ಉಸಿರು ನಿಲ್ಲುತ್ತೆ. ಹಾಸಿಗೆ ಅಡಿಗೆ ಸಿಗಿಸಿದ ಸೊಳ್ಳೆಪರದೆ ಒಂದಿದ್ರೆ ಅರ್ಧ ಅಪಾಯ ತಪ್ಪುತ್ತೆ. ನಿಮ್ಮ ಹೊಲದಲ್ಲಿ ಉಳ್ಕೊಳ್ಳೋ ಕೆಲಸದವರಿಗೆ ಒಂದು ಪರದೆ, ಒಂದು ಟಾರ್ಚ್ ಕೊಡ್ಸಿ.

ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ಸತ್ತೋರು ಸುಮಾರು 12 ಲಕ್ಷ, ಅಂದ್ರೆ ವರ್ಷಕ್ಕೆ 58 ಸಾವಿರ ಅಂತ ಅಂದಾಜು ಇದೆ. ಅರ್ಧಕ್ಕಿಂತ ಜಾಸ್ತಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ನಮ್ಮ ಕೆಲಸದ ಕಾಲದಲ್ಲೇ. 2024ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರ ಇದನ್ನ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಮಾಡ್ತು. ಕಚ್ಚಿದ್ರೆ ಬಿಗಿಯಾಗಿ ಕಟ್ಟಬೇಡಿ, ಕುಯ್ಯಬೇಡಿ, ಬಾಯಲ್ಲಿ ಹೀರಬೇಡಿ. ಉಂಗುರ, ಬಳೆ, ಕಾಲುಂಗುರ ತೆಗೆದುಬಿಡಿ, ಕಚ್ಚಿದ ಕೈ ಕಾಲು ಅಲ್ಲಾಡದ ಹಾಗೆ ಇಡಿ, 108ಕ್ಕೆ ಫೋನ್ ಮಾಡಿ ವಿಷಕ್ಕೆ ಮದ್ದು ಇರೋ ಆಸ್ಪತ್ರೆಗೆ ನೇರ ಹೋಗಿ. ಹಾವು ಹಿಡಿದು ತೋರಿಸೋ ಅಗತ್ಯ ಇಲ್ಲ. ನಮ್ಮಲ್ಲಿ ಸಿಗೋ ಮದ್ದು ನಾಗರ, ಕಟ್ಟು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಸೇರಿಸಿ ಮಾಡಿರೋದು. ನಾವು ಕಳೆದ ಹಾಗೆ ಒಂದು ಗಂಟೆ ಕಳೀಬೇಡಿ.

ಹುಡುಗ ಮೇಲಿನ ರೂಮಲ್ಲೇ ಇದಾನೆ. ಒಂದೇ ಒಂದು ಷರತ್ತು ಹಾಕಿದೀನಿ. ಸಾಕೋಕೆ ಬೇಜಾರಾದ್ರೆ ಅಧಿಕಾರಿಗಳಿಗೆ ತಿಳಿಸಿ ಒಪ್ಪಿಸ್ಬೇಕು, ರಾತ್ರೋರಾತ್ರಿ ಹೂಡಿ ಕೆರೆ ಹತ್ರನೋ ನನ್ನ ಹೊಲಕ್ಕೋ ಬಿಡಬಾರದು. ಹಾವು ಸಾಕಿ ಅಂತ ನಾನು ಯಾರಿಗೂ ಹೇಳಲ್ಲ. ಎಲ್ಲೋ ಹುತ್ತದಲ್ಲಿ ಇರಬೇಕಾದ್ದು ಮೂರಡಿ ಗಾಜಿನಲ್ಲಿ ಇದೆ, ಅದು ನನಗೆ ಇನ್ನೂ ಸರಿ ಕಾಣಲ್ಲ. ಆದ್ರೆ ಆ ಪೆಟ್ಟಿಗೆ ಮುಂದೆ ಕೂತು ಕಲಿತಿದ್ದು ಸುಳ್ಳಲ್ಲ.

ಅಕ್ಕ ಈಗ್ಲೂ ಸೊಪ್ಪಿಗೆ ಬರ್ತಾರೆ. ಕಂತೆ ಕಟ್ಟೋದು ನಿಧಾನ, ಆ ಬೆರಳು ಮಡಚಲ್ಲ. ಪಂಪ್‌ಹೌಸ್ ಹತ್ರ ಸಿಮೆಂಟ್ ಕಟ್ಟೆ ಕಟ್ಸಿದೀನಿ, ಅಡಿಯಲ್ಲಿ ಸಂದಿ ಇಲ್ಲದ ಹಾಗೆ. ಮೊದಲ ದಿನ ಕೋಲು ತಗೊಂಡು ಕಟ್ಟೆ ಸುತ್ತ ಬಡಿದು ನೋಡಿದ್ರು. ಸೌದೆ ಸ್ಟ್ಯಾಂಡ್ ನೋಡಿದ್ರು, ನೇತು ಹಾಕಿದ ಪೈಪ್ ನೋಡಿದ್ರು, ದೂರದ ಕೆಂಪು ಬಟ್ಟೆ ಯಾಕೆ ಅಂತ ಕೇಳಿ ತಿಳ್ಕೊಂಡ್ರು. ಎಲ್ಲಾ ಹೇಳ್ದೆ.

"ಇಷ್ಟೇನಾ ಅಣ್ಣ ಮಾಡ್ಬೇಕಾಗಿದ್ದು?" ಅಂದ್ರು.

ಇಷ್ಟೇ ಅಕ್ಕ ಅಂದೆ. ಅವರು ಕೂತು ಕಂತೆ ಕಟ್ಟೋಕೆ ಶುರು ಮಾಡಿದ್ರು.

ಇವತ್ತು ಸಾಯಂಕಾಲ ಟಾರ್ಚ್ ತಗೊಂಡು ನಿಮ್ಮ ಮನೆ ಸುತ್ತ ಒಂದು ಸುತ್ತು ಬನ್ನಿ. ಎಲ್ಲೆಲ್ಲಿ ಅಂಗೈ ಅಗಲದ ಸಂದಿ ಇದೆ, ಹಿಂದೆ ಗೋಡೆ ಇದೆ, ಪಕ್ಕದಲ್ಲಿ ಇಲಿ ಇದೆ ಅಂತ ನೋಡಿ. ಈ ಸಲ ಮಳೆ ಬರೋಕೆ ಮುಂಚೆ ಮುಗಿಸ್ಕೊಳ್ಳಿ. ಬೂದಿ ರೋಗ ಮುಂದಿನ ವಾರ ಖಂಡಿತ.